ಇದ್ದಿಲಿನ ಲೆಕ್ಕ

ಅಡಿಕೆ ಸುಗ್ಗಿ ಬಂತೆಂದರೆ ನಮ್ಮ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಬೆಳಗಿನಿಂದ ರಾತ್ರಿವರೆಗೂ ಬೆಂಕಿ. ಆ ಕಟ್ಟಿಗೆಗೆ ಅಜ್ಜ ಲೆಕ್ಕ ಬರೆದದ್ದೇ ಇಲ್ಲ. ತೋಟಕ್ಕೆ ಸೊಪ್ಪು ಕೊಡುವ ಕಾಡು, ಅಂದರೆ ಸೊಪ್ಪಿನಬೆಟ್ಟದಿಂದ ಬರುತ್ತಿತ್ತು, ಒಲೆಗೆ ಹೋಗುತ್ತಿತ್ತು. ಕಡಿದವರ ಕೂಲಿ ಮಾತ್ರ ಪುಸ್ತಕದಲ್ಲಿತ್ತು. ಈಗ ಬೆಟ್ಟ ಬೋಳು. ಲೋಡಿಗಿಷ್ಟು ಅಂತ ದುಡ್ಡು ಎಣಿಸಿ ಕಟ್ಟಿಗೆ ತರಿಸುತ್ತೇವೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನೋಡಿದಾಗಲೆಲ್ಲ ನನಗೆ ಆ ಹಂಡೆ ನೆನಪಾಗುತ್ತದೆ. ಅಲ್ಲಿ ಕಬ್ಬಿಣ ತಯಾರಾಗಲು ಶುರುವಾದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು. ಅದಿರಿನಲ್ಲಿ ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಇಂಗಾಲ ಬೇಕು. ಬೇರೆ ಕಡೆ ಕಲ್ಲಿದ್ದಲಿನ ಕೋಕ್ ಈ ಕೆಲಸ ಮಾಡುತ್ತಿತ್ತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡು ಇತ್ತು. ಹಾಗಾಗಿ ಮರ ಸುಟ್ಟ ಇದ್ದಿಲು. ಒಂದು ಟನ್ ಇದ್ದಿಲಿಗೆ ಸುಮಾರು 4 ಟನ್ ಒಣ ಕಟ್ಟಿಗೆ ಬೇಕು!

ಒಂದು ಜಾಣತನವನ್ನು ಮೆಚ್ಚಲೇಬೇಕು. ಅಲ್ಲಿ ಮರವನ್ನು ಬಯಲಲ್ಲಿ ಸುಡಲಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರು. ಹೊಗೆಯನ್ನು ತಣಿಸಿದಾಗ ಟಾರು, ಮರದ ಆಲ್ಕೊಹಾಲ್ ಸಿಕ್ಕವು. ಗಾಳಿಗೆ ಹೋಗಬೇಕಿದ್ದದ್ದು ಮಾರುವ ಸರಕಾಯಿತು. ಇವತ್ತಿಗೂ ಉಕ್ಕಿನ ಕಾರ್ಖಾನೆಗಳಲ್ಲಿ ಊದುಕುಲುಮೆಯ, ಅಂದರೆ ಬಿಸಿಗಾಳಿ ಊದಿ ಅದಿರು ಕರಗಿಸುವ ಕುಲುಮೆಯ, ಕಿಟ್ಟ (ಕರಗಿ ಬೇರೆಯಾದ ಕಲ್ಮಶ) ಸಿಮೆಂಟಿಗೆ ಹೋಗುತ್ತದೆ, ಕುಲುಮೆಯ ಅನಿಲ ಇಂಧನವಾಗುತ್ತದೆ.

ಆದರೆ ಕಾಡಿನ ಲೆಕ್ಕ ಬೇರೆ. ಹತ್ತಿರದ ಮರ ಮುಗಿದ ಹಾಗೆ ಗಾಡಿ ದೂರ ಹೋಗಬೇಕು. ಮರಕ್ಕೆ ಬೆಲೆ ಕಟ್ಟದಿದ್ದರೂ ಸಾಗಣೆಯ ಖರ್ಚು ಏರುತ್ತಲೇ ಹೋಗುತ್ತದೆ. ಮುಂದೆ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖ ಕರೆಂಟಿನಿಂದ ಸಿಕ್ಕರೆ ಇಂಗಾಲ ಕಡಿಮೆ ಸಾಕು.

ಕುದುರೆಮುಖದ ಕಬ್ಬಿಣದ ಗಣಿಗೆ ಕಾಡಿನ ಬಿಲ್ಲು ಒಂದೇ ಸಲ ಬಂತು. ಅಲ್ಲಿನ ಅದಿರಿನಲ್ಲಿ ಕಬ್ಬಿಣ ಕಡಿಮೆ. ಅಗೆದದ್ದರಲ್ಲಿ ದೊಡ್ಡ ಪಾಲು ನುಣ್ಣನೆ ಪುಡಿಯಾಗಿ ಲಕ್ಯಾ ಅಣೆಕಟ್ಟಿನ ಹಿಂದೆ ಸೇರಿತು. ನಮ್ಮ ಮಳೆ ಗೊತ್ತಲ್ವಾ? ಅಗೆದ ಗುಡ್ಡದ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಯಂತ್ರ, ಕಾಲೋನಿ, ಮಂಗಳೂರಿನವರೆಗಿನ ಕೊಳವೆ ಎಲ್ಲ ಇತ್ತು, ಅಗೆಯಲು ಅನುಮತಿ ಮಾತ್ರ ಇರಲಿಲ್ಲ.

ಈಗ ಹೊಗೆಗೂ ಬೆಲೆ ಬಂದಿದೆ. ಊದುಕುಲುಮೆಯ ಒಂದು ಟನ್ ಉಕ್ಕಿಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೊರಗಿನಿಂದ ಬರುವ ಉಕ್ಕಿಗೆ ಯುರೋಪು 2026ರಿಂದ ಇದರ ಶುಲ್ಕ ಲೆಕ್ಕ ಹಾಕುತ್ತಿದೆ. ಟನ್ ಹೊಗೆಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. ಟನ್ ಉಕ್ಕಿಗೆ 5,000 ಲಾಭ ಕಾಣುತ್ತಿದ್ದ ಕಂಪನಿಗೆ ಉಳಿಯುವುದು 1,000. ಹೊಗೆಯನ್ನು ಅರ್ಧಕ್ಕೆ ಇಳಿಸಿದ ಪಕ್ಕದ ಕಂಪನಿಗೆ 3,000.