ಹಿಟ್ಟು ಉಣ್ಣುವುದು ನಾವಷ್ಟೇ ಅಲ್ಲ

ಮಂಡ್ಯದ ಹತ್ತಿರದ ಊರಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಕೀಮೋ ಶುರುವಾದಾಗ ಮುದ್ದೆ ತೊಳಸುವ ಕೋಲು ಮೂಲೆ ಸೇರಿತು. ನೋಡಲು ಬಂದವರೆಲ್ಲ ಬ್ರೆಡ್ಡು, ಬಿಸ್ಕತ್ತು ತಂದರು. "ಹಿಟ್ಟು ಅರಗಕಿಲ್ಲ ಕಣಕ್ಕ, ಗಂಜಿ ಕುಡಿ" ಎಂದರು. ಬಾಯಿಹುಣ್ಣಿದ್ದಾಗ ಅದು ಸರಿಯೇ. ಹುಣ್ಣು ಮಾಯ್ದ ಮೇಲೂ ಸೊಪ್ಪು, ಹುರುಳಿ, ಮುದ್ದೆ ತಟ್ಟೆಗೆ ಮರಳಲಿಲ್ಲ. ನನಗೆ ಸಂಕಟವಾದದ್ದು ಅಲ್ಲಿ.

ಇವುಗಳಲ್ಲಿರುವ ನಾರು (ಫೈಬರ್) ಅರಗುವುದಿಲ್ಲ, ನಿಜ. ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಹಾಗಾಗಿಯೇ ಅದು ದೊಡ್ಡ ಕರುಳಿನವರೆಗೂ ಹೋಗಿ, ಅಲ್ಲಿನ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ದೋಸೆಹಿಟ್ಟು ಹುಳಿ ಬರುವ ಹಾಗೆ ಅವು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಕೊಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ನಾರು ಸಿಗದಿದ್ದರೆ? ಇಲಿಗಳಲ್ಲಿ ನೋಡಿದಾಗ, ಹಸಿದ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯನ್ನೇ ತಿನ್ನತೊಡಗಿದ್ದವು.

2021ರ ಡಿಸೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರ ಅಧ್ಯಯನವೊಂದು ಬಂತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ 128 ಜನರ ಊಟದ ಲೆಕ್ಕ ಅದರಲ್ಲಿತ್ತು. ಬಹುಪಾಲು ಜನರದು ಇಮ್ಯುನೋಥೆರಪಿ, ಅಂದರೆ ರೋಗದ ವಿರುದ್ಧ ಹೋರಾಡುವ ನಮ್ಮದೇ ಟಿ-ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಬ್ರೇಕ್ ತೆಗೆದು ಗಡ್ಡೆಯ ಮೇಲೆ ಬಿಡುವ ಚಿಕಿತ್ಸೆ. ದಿನಕ್ಕೆ 20 ಗ್ರಾಂಗೆ ಕಡಿಮೆಯಿಲ್ಲದಂತೆ ನಾರು ತಿಂದವರಲ್ಲಿ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಪ್ರತಿ 5 ಗ್ರಾಂ ಹೆಚ್ಚಿದಂತೆ ರೋಗ ಉಲ್ಬಣಿಸುವ ಅಥವಾ ಸಾಯುವ ಅಪಾಯ ಸುಮಾರು ಶೇ. 30ರಷ್ಟು ಕಡಿಮೆ ಕಂಡಿತು. ಒಳ್ಳೆಯ ಬ್ಯಾಕ್ಟೀರಿಯಾ ಎಂದು ಅಂಗಡಿಯಲ್ಲಿ ಮಾರುವ ಪ್ರೊಬಯಾಟಿಕ್ ಗುಳಿಗೆಯಿಂದ ಲಾಭ ಕಾಣಲಿಲ್ಲ. ಇಲಿಗಳಲ್ಲಿ ಅದು ಚಿಕಿತ್ಸೆಯನ್ನೇ ಮಂಕಾಗಿಸಿತು.

100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹಾಗಾದರೆ ಆ 5 ಗ್ರಾಂ ಎಂದರೆ ಒಂದು ಸಣ್ಣ ಮುದ್ದೆ!

ಮುದ್ದೆ ಕ್ಯಾನ್ಸರ್‌ಗೆ ಔಷಧ ಎಂದು ಮಾತ್ರ ಯಾರೂ ವಾಟ್ಸಾಪ್‌ನಲ್ಲಿ ಹಂಚಬೇಡಿ. ನಮ್ಮಲ್ಲಿ ಮೆಲನೋಮ ಅಪರೂಪ. ದೊಡ್ಡಮ್ಮನ ಕಾಯಿಲೆಯೂ ಚಿಕಿತ್ಸೆಯೂ ಬೇರೆ. ಕರುಳು ಕಟ್ಟಿಕೊಂಡವರಿಗೆ, ಕರುಳಿನ ಆಪರೇಷನ್ ಈಗಷ್ಟೇ ಆದವರಿಗೆ, ಭೇದಿ ನಿಲ್ಲದವರಿಗೆ ನಾರು ತೊಂದರೆಯನ್ನೇ ಕೊಡಬಹುದು. ಆದ್ದರಿಂದ ಡಾಕ್ಟರನ್ನು ಕೇಳಲೇಬೇಕು.

ನಾವು ಕೇಳಿದೆವು. ಸ್ವಲ್ಪಸ್ವಲ್ಪವಾಗಿ ಕೊಡಿ ಎಂದರು. ಮೊದಲ ದಿನ ನಿಂಬೆಹಣ್ಣಿನಷ್ಟು ಮುದ್ದೆ, ಖಾರವಿಲ್ಲದ ಸೊಪ್ಪಿನ ಸಾರು. ದೊಡ್ಡಮ್ಮ ಮುರಿದು, ಅದ್ದಿ, ನುಂಗಿ ಸೊಸೆಯ ಮುಖ ನೋಡಿದರು. "ಇನ್ನೊಂಚೂರು ಇಕ್ಕವ್ವ."