ಟ್ರಫ್ ಲೆವೆಲ್: ರಕ್ತದಲ್ಲಿ ಮೇ ತಿಂಗಳ ನೀರು

ಕಾಸರಗೋಡಿನ ಬಾಯಾರು, ಪೆರ್ಲ ಕಡೆ ಗುಡ್ಡಕ್ಕೆ ಸುರಂಗ ಕೊರೆದು ತೋಟಕ್ಕೆ ನೀರು ತಂದವರಲ್ಲಿ "ನೀರು ಹೇಗುಂಟು?" ಎಂದು ಕೇಳಿ ನೋಡಿ. ಆಟಿಯ, ಅಂದರೆ ಜೋರು ಮಳೆಗಾಲದ ನೀರನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೇ ತಿಂಗಳಲ್ಲಿ ಎಷ್ಟು ಒಸರುತ್ತದೆ ಎಂಬುದೇ ಲೆಕ್ಕ. ಅಡಿಕೆ ಮರ ಉಳಿಯುವುದು ಆ ನೀರಿನಲ್ಲಿ.

ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರ ಚೀಟಿಯಲ್ಲಿ ಬರೆದಿರುವ 'ಟ್ರಫ್ ಲೆವೆಲ್' ಇಂಥದೇ ಲೆಕ್ಕ. ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಔಷಧ ಏರುತ್ತದೆ, ಆಮೇಲೆ ಇಳಿಯುತ್ತ ಹೋಗಿ ಮುಂದಿನ ಮಾತ್ರೆಯ ಹೊತ್ತಿಗೆ ತೀರ ಕೆಳಗೆ ಬಂದಿರುತ್ತದೆ. ಆ ಕೆಳಗಿನ ಮಟ್ಟವೇ ಟ್ರಫ್. ಎರಡು ಅಲೆಗಳ ನಡುವಿನ ತಗ್ಗಿಗೂ ದನಗಳಿಗೆ ನೀರಿಡುವ ಬಾನಿಗೂ ಇಂಗ್ಲಿಷಿನಲ್ಲಿ ಇದೇ ಪದ. ಕನ್ನಡದಲ್ಲಿ 'ಇಳಿಮಟ್ಟ' ಎಂದರೆ ನನಗೆ ಒಪ್ಪಿಗೆ. ಆದರೆ ಮಂಗಳೂರಿಗೆ ಹೋಗಿ ಬರುವ ನಮ್ಮವರ ಬಾಯಲ್ಲಿ ಅದು 'ಟ್ಯಾಕ್ರೋ ಲೆವೆಲ್'.

ಟ್ಯಾಕ್ರೋ ಎಂದರೆ ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ ಔಷಧ. ಹೆಸರಿನ ಮೊದಲಕ್ಷರದಲ್ಲಿ ಆ ಊರೇ ಕೂತಿದೆ. ಬೇರೆಯವರ ಕಿಡ್ನಿಯನ್ನು ಶತ್ರುವೆಂದು ಬಗೆದು ಮೇಲೇರಿ ಹೋಗುವ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು ಇದರ ಕೆಲಸ. ಔಷಧ ಕಮ್ಮಿಯಾದರೆ ದೇಹ ಕಸಿಯನ್ನು ಒಲ್ಲೆನ್ನುತ್ತದೆ. ಜಾಸ್ತಿಯಾದರೆ ಸೋಂಕು, ಕೈನಡುಕ, ಸಕ್ಕರೆ ಕಾಯಿಲೆ. ಸಾಲದ್ದಕ್ಕೆ, ಕಾಪಾಡಬೇಕಾದ ಕಿಡ್ನಿಗೇ ಪೆಟ್ಟು. ನಡುವಿನ ಜಾಗ ಬಹಳ ಕಿರಿದು. ಕಿಡ್ನಿ ಕಸಿಯಾದ ಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರ್ ರಕ್ತಕ್ಕೆ 8ರಿಂದ 12 ನ್ಯಾನೋಗ್ರಾಂ, ಆಮೇಲೆ 5ರಿಂದ 8ರ ಆಸುಪಾಸು. ಗುರಿ ಎಷ್ಟೆಂಬುದು ರೋಗಿಯನ್ನೂ ಆಸ್ಪತ್ರೆಯನ್ನೂ ನೋಡಿಕೊಂಡು ಬದಲಾಗುತ್ತದೆ. ಒಂದು ನ್ಯಾನೋಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು!

ತೂಕ ನೋಡಿ ಮಾತ್ರೆ ಕೊಟ್ಟರೆ ಸಾಲದೇ? ಸಾಲದು. ಈ ಔಷಧವನ್ನು ಕರುಳಿನಲ್ಲೂ ಲಿವರಿನಲ್ಲೂ ಅರೆದು ಮುಗಿಸುವ ಕಿಣ್ವಗಳ ಚುರುಕು ಒಬ್ಬೊಬ್ಬರಲ್ಲಿ ಒಂದೊಂದು ಥರ. ಸಿವೈಪಿ3ಎ5 ಎಂಬ ಜೀನ್ ಚುರುಕಾಗಿರುವವರಿಗೆ ಉಳಿದವರ ಒಂದೂವರೆಯಿಂದ ಎರಡು ಪಟ್ಟು ಡೋಸ್ ಬೇಕಾಗಬಹುದು. ಕೆಲವು ಕಡೆ ಕಸಿಗೆ ಮೊದಲೇ ಈ ಜೀನ್ ಪರೀಕ್ಷೆ ಮಾಡುತ್ತಾರೆ. ಅದು ಎಲ್ಲಿಂದ ಶುರು ಮಾಡಬೇಕೆಂದು ಹೇಳೀತು. ಎಲ್ಲಿ ನಿಲ್ಲಬೇಕೆಂದು ಹೇಳುವುದು ಲೆವೆಲ್ಲೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಪಾತಾಳಕ್ಕಿಳಿಸುತ್ತದೆ, ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್ ಏರಿಸುತ್ತದೆ. ಭೇದಿಯಾದರೂ ಏರಬಹುದು. ಪಕ್ಕದ ಮನೆಯವರೂ ಕಸಿ ಮಾಡಿಸಿಕೊಂಡಿದ್ದಾರೆಂದು ಅವರ ಡೋಸ್ ಕೇಳಿ ಬರುವುದು, ಹಾಗಾಗಿ, ವ್ಯರ್ಥ.

ಈ ಪರೀಕ್ಷೆಯಲ್ಲಿ ಅಂಕಿಯಷ್ಟೇ ಮುಖ್ಯ ಗಡಿಯಾರ. ದಿನಕ್ಕೆರಡು ಸಲ ಮಾತ್ರೆ ನುಂಗುವವರಾದರೆ ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆಗೆ, ಬೆಳಗಿನದ್ದು ನುಂಗುವ ಮೊದಲು ರಕ್ತ ಕೊಡಬೇಕು. ಔಷಧ ಬಹುಪಾಲು ಕೆಂಪು ರಕ್ತಕಣಗಳಲ್ಲೇ ಅಡಗಿರುವುದರಿಂದ ರಕ್ತ ಹೆಪ್ಪುಗಟ್ಟದ ಹಾಗೆ ನೇರಳೆ ಮುಚ್ಚಳದ ಟ್ಯೂಬಿಗೆ ತೆಗೆಯುತ್ತಾರೆ. ನನ್ನ ಮಾವ ಎಡವಿದ್ದು ಗಡಿಯಾರದಲ್ಲಿ. ಕುಂಬಳೆಯಿಂದ ಬೆಳಗಿನ ರೈಲು ಹಿಡಿಯುವ ಗಡಿಬಿಡಿಯಲ್ಲೂ ಮಾತ್ರೆ ಮರೆಯಲಿಲ್ಲ, ನುಂಗಿಯೇ ಹೊರಟರು. ರಿಪೋರ್ಟಿನಲ್ಲಿ 18! ಡೋಸ್ ಇಳಿಸಲು ಪೆನ್ನೆತ್ತಿದ ಡಾಕ್ಟರಿಗೆ ಏನೋ ಅನುಮಾನ.

"ಬೆಳಗಿನ ಮಾತ್ರೆ ತಗೊಂಡೇ ಬಂದ್ರಾ?"

"ಮತ್ತೆ? ಒಂದು ದಿನವೂ ತಪ್ಪಿಸ್ಬಾರ್ದು ಅಂತ ನೀವೇ ಹೇಳಿದ್ದಲ್ವಾ ಡಾಕ್ಟ್ರೇ!"

ಎರಡು ದಿನ ಬಿಟ್ಟು ಸರಿಯಾದ ಹೊತ್ತಿಗೆ ಕೊಟ್ಟಾಗ 7. ಆ 18ನ್ನು ನಂಬಿ ಡೋಸ್ ಇಳಿಸಿದ್ದರೆ ಏನಾಗುತ್ತಿತ್ತೋ. ಗಡಿ ದಾಟಿ ಆಸ್ಪತ್ರೆಗೆ ಹೋಗುವ ನಮಗೆ ಒಂದು ತಪ್ಪು ಲೆವೆಲ್ ಅಂದರೆ ಇನ್ನೊಂದು ದಿನದ ಪ್ರಯಾಣವೂ ಹೌದು. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರು ಎಷ್ಟು ದೂರವೆಂದು ಕಾಸರಗೋಡಿನ ರೋಗಿಗಳಿಗೆಲ್ಲ ಗೊತ್ತಾಗಿತ್ತು.

ಈಗ ಲೆವೆಲ್ ಕೊಡುವ ದಿನ ಮಾವನ ಮಾತ್ರೆ ಅಂಗಿಯ ಕಿಸೆಯಲ್ಲಿರುತ್ತದೆ. ಸೂಜಿ ಚುಚ್ಚಿದಲ್ಲಿ ಹತ್ತಿ ಒತ್ತಿ ಹಿಡಿದುಕೊಂಡೇ ನುಂಗುತ್ತಾರೆ. ಗ್ರೇಪ್‌ಫ್ರೂಟ್ ಮತ್ತು ಅದರ ನೆಂಟ ಚಕ್ಕೋತ ಕರುಳಿನ ಕಿಣ್ವವನ್ನು ಕಟ್ಟಿಹಾಕಿ ಲೆವೆಲ್ ಏರಿಸುತ್ತವೆಂದು ತಿಳಿದ ಮೇಲೆ ಅವರ ಹಿತ್ತಲಿನ ಚಕ್ಕೋತವೆಲ್ಲ ನಮ್ಮ ಮನೆಗೇ ಬರುತ್ತದೆ.