ಪುನರ್ವಸತಿ ವೃತ್ತಿಪರರು: ನೋಂದಣಿಯಿಂದ ನೇಮಕಾತಿಯವರೆಗೆ

ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಶ್ರವಣ ಸಾಧನ ಕೊಡಿಸಿದರಷ್ಟೇ ಸಾಲದು. ಕಿವಿಯ ಅಳತೆಗೆ ಅಚ್ಚು ತೆಗೆಯಬೇಕು. ಮಗು ಬೆಳೆದಂತೆ ಅಚ್ಚು ಸಡಿಲವಾಗಿ ಸಾಧನ ಸಿಳ್ಳೆ ಹಾಕತೊಡಗಿದಾಗ ಮತ್ತೆ ಹೊಸದನ್ನು ಮಾಡಬೇಕು. ಸದ್ದು ಕೇಳಿದಾಗಲೆಲ್ಲ ಒಂದು ಮಣಿಯನ್ನು ಡಬ್ಬಿಗೆ ಹಾಕುವ ಆಟವನ್ನು ಮತ್ತೆ ಮತ್ತೆ ಆಡಿಸುತ್ತ ಕೇಳಿಸಿಕೊಳ್ಳುವುದನ್ನೇ ಕಲಿಸಬೇಕು. ಅಂಗವಿಕಲರ ಪುನರ್ವಸತಿ ವೃತ್ತಿಪರರು ಮಾಡುವ, ಇಷ್ಟು ತಾಳ್ಮೆ ಬೇಡುವ ಇಂಥ ಕೆಲಸಕ್ಕೆ ನಮ್ಮಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿದ್ದು ತೀರ ತಡವಾಗಿ.

ತರಬೇತಿ ಮಾತ್ರ ಅದಕ್ಕೂ ಬಹಳ ಮೊದಲೇ ಶುರುವಾಗಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೇ ವಾಕ್ ಮತ್ತು ಶ್ರವಣ ತಜ್ಞರನ್ನು ತಯಾರು ಮಾಡುತ್ತ ಬಂದಿದೆ. ಆದರೆ ದೇಶದಾದ್ಯಂತ ಒಂದೇ ಪಠ್ಯಕ್ರಮವಾಗಲಿ, ಒಂದೇ ಅರ್ಹತೆಯಾಗಲಿ ಇರಲಿಲ್ಲ. ಈ ಕೊರತೆ ನೀಗಿಸಲು 1986ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತು ಒಂದು ಸೊಸೈಟಿಯಾಗಿ ಹುಟ್ಟಿತು. 1992ರ ಕಾಯಿದೆಯ ಮೂಲಕ ಅದು 1993ರ ಜೂನ್‌ನಲ್ಲಿ ಶಾಸನಬದ್ಧ ಸಂಸ್ಥೆಯಾಯಿತು. ಶ್ರವಣ ತಜ್ಞರು, ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರು, ಚಿಕಿತ್ಸಾ ಮನೋವಿಜ್ಞಾನಿಗಳು, ಕೃತಕ ಕಾಲು ತಯಾರಿಸುವವರು ಹೀಗೆ ಹಲವರು, ಅರ್ಹರ ಹೆಸರು ದಾಖಲಿಸುವ ಕೇಂದ್ರ ಪುನರ್ವಸತಿ ರಿಜಿಸ್ಟರಿಗೆ ಸೇರಿದರು. ನೋಂದಣಿಯಿಲ್ಲದೆ ವೃತ್ತಿ ನಡೆಸುವುದು ಶಿಕ್ಷಾರ್ಹವೂ ಆಯಿತು.

ನಕಲಿಗಳ ಕೈಗೆ ಮಕ್ಕಳು ಸಿಗದಂತೆ ತಡೆಯಲು ಇದು ಬೇಕೇ ಬೇಕಿತ್ತು. ಆದರೆ ಯಾರು ಈ ಕೆಲಸ ಮಾಡಬಹುದು ಎಂಬುದನ್ನು ಗೊತ್ತುಮಾಡಿದ ಆ ಕಾಯಿದೆ, ಅವರು ಎಲ್ಲಿ, ಯಾವ ಸಂಬಳಕ್ಕೆ ದುಡಿಯಬೇಕು ಎಂಬುದರ ಬಗ್ಗೆ ಏನೂ ಹೇಳಲಿಲ್ಲ. ಆದ್ದರಿಂದಲೇ ಅರ್ಹತೆಯುಳ್ಳ ವಿಶೇಷ ಶಿಕ್ಷಕರು ವರ್ಷಗಟ್ಟಲೆ ಗುತ್ತಿಗೆಯಲ್ಲೇ ಉಳಿದರು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಪಿಂಚಣಿ ಅರ್ಜಿ, ಗುರುತಿನ ಚೀಟಿ ಎಂದು ಮನೆಮನೆಗೆ ಅಲೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಬಹುಪಾಲು ಸ್ವತಃ ಅಂಗವಿಕಲರು. ಅವರಿಗೆ ಸಿಗುವುದು ಗೌರವಧನ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅಂಗವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಅದರೊಂದಿಗೆ ಕೆಲಸದ ಹೊರೆಯೂ ಏರಿತು. ಗುತ್ತಿಗೆಯಲ್ಲಿರುವ ವಿಶೇಷ ಶಿಕ್ಷಕರ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನ್ಯಾಯಾಲಯದ 2021ರ ತೀರ್ಪಿನ ಬಳಿಕ, ಪ್ರಾಥಮಿಕ ಹಂತದಲ್ಲಿ 10 ಅಂಗವಿಕಲ ಮಕ್ಕಳಿಗೆ, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಪ್ರಮಾಣವನ್ನು 2022ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿತು. ಅದೇ 2016ರ ಕಾಯಿದೆಯ 47ನೇ ಕಲಮು, ಐದು ವರ್ಷಕ್ಕೊಮ್ಮೆ ಅಗತ್ಯವನ್ನು ಅಳೆದು ಸಿಬ್ಬಂದಿಯ ನೇಮಕಾತಿಗೂ ತರಬೇತಿಗೂ ಯೋಜನೆ ರೂಪಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಆ ಲೆಕ್ಕದಲ್ಲಿ ಪಂಚಾಯಿತಿಯ ಕಾರ್ಯಕರ್ತರೂ ಸೇರಬೇಕು.